ಹಾವಿನ ಮರಿಯ ಮೊದಲ ತುತ್ತು

ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮನುಷ್ಯನ ಮಟ್ಟಿಗೆ ಈ ಮಾತು ನಿಜವೇ ಇರಬಹುದು. ಆದರೆ ಪ್ರಾಣಿಲೋಕದಲ್ಲಿ ಇದಕ್ಕೆ ಅಪವಾದಗಳುಂಟು; ಅವುಗಳಲ್ಲಿ ಎದ್ದು ಕಾಣುವುದು ಹಾವಿನ ಮರಿ. ಮೊಟ್ಟೆಯೊಡೆದು ಹೊರಬಂದು ಹತ್ತು ಹದಿನೈದು ದಿನಗಳಾಗಿವೆ. ಇನ್ನೂ ಒಂದು ತುತ್ತನ್ನೂ ನುಂಗಿಲ್ಲ. ಮುಂದೆ ಇಟ್ಟಿರುವುದು ಮೃದುವಾದ, ಕೂದಲು ಕೂಡ ಮೂಡದ, ಓಡಲಾರದ, ಕಚ್ಚಲಾರದ ಇಲಿಮರಿ. ಹಾವಿನ ಮರಿ ನಾಲಗೆಯನ್ನು ಒಂದೆರಡು ಸಲ ಚಾಚುತ್ತದೆ, ತಲೆಯನ್ನು ತಿರುಗಿಸುತ್ತದೆ, ಮೂಲೆಗೆ ಸರಿದು ಸುತ್ತಿಕೊಂಡು ಮಲಗುತ್ತದೆ. ಮರುವಾರವೂ ಹೀಗೆಯೇ, ಅದರ ಮರುವಾರವೂ ಹೀಗೆಯೇ. ಕೊನೆಗೆ ಆಹಾರದ ಪಕ್ಕದಲ್ಲಿಯೇ ಉಪವಾಸದಿಂದ ಸಾಯುವ ಮರಿಗಳೂ ಇರುವುವು.

ಅಮೆರಿಕ, ಯೂರೋಪುಗಳಲ್ಲಿ ಹಾವುಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ ಬಹಳ ಕಾಲದಿಂದ ನಡೆದುಬಂದಿದೆ. ಅಲ್ಲಿನ ಹವ್ಯಾಸಿಗಳಿಗೆ ಈ ಉಪವಾಸವ್ರತವು ಚಿರಪರಿಚಿತವಾದ ಸಮಸ್ಯೆ. ಮರಿ ಹಠಮಾರಿ ಎಂದು ಕೆಲವರು ಬೇಸರಪಡುವರು. ರೋಗವೆಂದು ಕೆಲವರು ಗಾಬರಿಗೊಳ್ಳುವರು. ಇನ್ನು ಕೆಲವರು ಅವಸರಪಟ್ಟು ಅದರ ಬಾಯನ್ನು ಬಿಡಿಸಿ ಆಹಾರವನ್ನು ತುರುಕುವರು. ಹಠವೇನು, ರೋಗವೇನು ಎಂದು ವಿಚಾರಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಮ್ಮ ಕಣ್ಣಿಗೆ ಆಹಾರವಾಗಿ ಕಾಣುವ ಇಲಿಮರಿ ಹಾವಿನ ಮರಿಗೂ ಆಹಾರವಾಗಿ ಕಾಣುತ್ತದೆಯೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಪ್ರಾಣಿಗಳ ಇಂದ್ರಿಯಜ್ಞಾನ, ಆನುವಂಶಿಕತೆ, ವಿಕಾಸ ಇವುಗಳ ವಿಷಯದಲ್ಲಿ ಹಲವು ಸ್ವಾರಸ್ಯವಾದ ಸಂಗತಿಗಳು ತಿಳಿದುಬರುವುವು.

ಹುಟ್ಟುವಾಗ ಕಟ್ಟಿಕೊಂಡ ಬುತ್ತಿ

ಉದಾಹರಣೆಗೆ ಕಾರ್ನ್ ಹಾವನ್ನು ತೆಗೆದುಕೊಳ್ಳೋಣ. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಪ್ರಾಣಿ. ವಿಷವಿಲ್ಲದ್ದು, ಸಾಧುಸ್ವಭಾವದ್ದು, ಕೆಂಪು ಕಿತ್ತಳೆ ಬಣ್ಣದ ಮಚ್ಚೆಗಳಿಂದ ನೋಡಲು ಸುಂದರವಾದದ್ದು. ಲಿನೀಯಸನು 1766ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣವನ್ನು ಮಾಡಿದನು. ಸಾಕುವವರ ಮನೆಗಳಲ್ಲಿ ತಲೆತಲಾಂತರದಿಂದ ಸಂತಾನವನ್ನು ಪಡೆಯುತ್ತ ಬಂದಿರುವ ಹಾವುಗಳಲ್ಲಿ ಇದು ಮುಖ್ಯವಾದುದು.

ಹೆಣ್ಣು ಹಾವು ಒಂದು ಸಲಕ್ಕೆ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಗಳನ್ನಿಡುತ್ತದೆ. ಸುಮಾರು 28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿಟ್ಟರೆ ಹೆಚ್ಚುಕಡಮೆ ಎರಡು ತಿಂಗಳಿಗೆ ಮೊಟ್ಟೆಗಳು ಒಡೆಯುವುವು. ಹೊರಬಂದ ಮರಿಯ ಉದ್ದ 25ರಿಂದ 30 ಸೆಂಟಿಮೀಟರು; ದಪ್ಪ ಪೆನ್ಸಿಲಿನಷ್ಟೂ ಇಲ್ಲ; ತೂಕ ಐದರಿಂದ ಎಂಟು ಗ್ರಾಂ. ಅದಕ್ಕೆ ಮೊದಲ ಊಟವಾಗಿ ಕೊಡುವ, ಹುಟ್ಟಿ ಒಂದೆರಡು ದಿನವಾದ ಚಿಟ್ಟಿಲಿಯ ಮರಿ ಒಂದು ಒಂದೂವರೆ ಗ್ರಾಂ ತೂಗುತ್ತದೆ. ಎಂದರೆ ಹಾವಿನ ಮರಿ ತನ್ನ ತೂಕದ ಐದನೆಯ ಒಂದು ಭಾಗದಷ್ಟನ್ನು ಒಂದೇ ತುತ್ತಿನಲ್ಲಿ ನುಂಗಬೇಕು. ಐವತ್ತು ಕಿಲೋಗ್ರಾಂ ತೂಗುವ ವಿದ್ಯಾರ್ಥಿಯ ಮುಂದೆ ಹತ್ತು ಕಿಲೋಗ್ರಾಂ ಭಾರದ ಒಂದೇ ಕಡುಬನ್ನಿಟ್ಟು, ಮುರಿಯದೆ ಅಗಿಯದೆ ನುಂಗೆಂದರೆ ಅವನು ಏನೆಂದಾನು? ಹಾವಿನ ಮರಿ ಮೊದಲ ತುತ್ತಿಗೆ ಬಾಯಿ ತೆರೆಯುವ ಮುನ್ನ ಚೆನ್ನಾಗಿ ವಿಚಾರಮಾಡುವುದು ಆಶ್ಚರ್ಯವಲ್ಲ.

ಮರಿಗೆ ಅವಸರವೂ ಇರುವುದಿಲ್ಲ. ಹೊರಬರುವುದಕ್ಕೆ ಸ್ವಲ್ಪ ಮುಂಚೆ ಮೊಟ್ಟೆಯಲ್ಲಿ ಉಳಿದಿದ್ದ ಹಳದಿ ಭಾಗವು ಅದರ ಹೊಟ್ಟೆಯೊಳಕ್ಕೆ ಸೇರಿಕೊಂಡಿರುತ್ತದೆ. ಇದು ತಾಯಿ ಕಟ್ಟಿಕೊಟ್ಟ ಬುತ್ತಿ. ಹುಟ್ಟಿದ ಏಳರಿಂದ ಹತ್ತು ದಿನಗಳಲ್ಲಿ ಮರಿ ಮೊದಲ ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಆಹಾರ ಕೊಟ್ಟರೆ ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಹೊಸದಾಗಿ ಸಾಕುವವರು ಮಾಡುವ ಮೊದಲನೆಯ ತಪ್ಪೆಂದರೆ ಈ ಬುತ್ತಿ ಮುಗಿಯುವ ಮೊದಲೇ ಮರಿ ಉಪವಾಸವಿದೆಯೆಂದು ಕಂಗಾಲಾಗುವುದು.

ಹಾವುಗಳು ಉಪವಾಸವನ್ನು ತಡೆಯುವ ಬಗೆಯೂ ನಮ್ಮಂತಲ್ಲ. ನಾವು ಬಿಸಿರಕ್ತದ ಪ್ರಾಣಿಗಳು. ಉಂಡ ಅನ್ನದ ಬಹುಭಾಗ ಮೈಯನ್ನು ಬೆಚ್ಚಗಿಡುವುದರಲ್ಲಿಯೇ ಖರ್ಚಾಗುವುದು. ಹಾವಿಗೆ ಈ ಖರ್ಚಿಲ್ಲ. ಮಾರ್ಷಲ್ ಮೆಕ್ಯೂ ಎಂಬ ಅಮೆರಿಕದ ಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇಲಿಹಾವು, ಬುಡುಬುಡಿಕೆ ಹಾವು, ರಾಜ ಹೆಬ್ಬಾವು ಎಂಬ ಮೂರು ಬಗೆಯ ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇಟ್ಟು ಪರೀಕ್ಷಿಸಿದರು. ಅವು ದೇಹದಲ್ಲಿ ಶಕ್ತಿ ವೆಚ್ಚವಾಗುವ ವೇಗವನ್ನು ನೂರಕ್ಕೆ 72ರವರೆಗೂ ಇಳಿಸಿಕೊಳ್ಳಬಲ್ಲವೆಂಬುದು ಕಂಡುಬಂದಿತು. ಆದರೆ ಬಲಿತ ಹಾವಿನ ಈ ತಾಳ್ಮೆಯನ್ನು ಆರು ಗ್ರಾಂ ತೂಕದ ಮರಿಯಿಂದ ನಿರೀಕ್ಷಿಸಬಾರದು. ಅದರ ಕೊಬ್ಬಿನ ಕಣಜ ಸಣ್ಣದು. ಬುತ್ತಿ ಮುಗಿದ ಮೇಲೆ ಲೆಕ್ಕ ವಾರಗಳದ್ದು, ತಿಂಗಳುಗಳದ್ದಲ್ಲ.

ನಾಲಗೆ ಕೇಳುವ ಪ್ರಶ್ನೆ

ಮರಿಯು ಆಹಾರವನ್ನು ಆಹಾರವೆಂದು ಗುರುತಿಸುವುದು ಹೇಗೆ? ಹಾವು ನಾಲಗೆಯನ್ನು ಪದೇಪದೇ ಹೊರಚಾಚುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಕೋಪದ ಗುರುತೂ ಅಲ್ಲ, ಕುಟುಕುವ ಸಾಧನವೂ ಅಲ್ಲ. ಗಾಳಿಯಲ್ಲಿಯೂ ನೆಲದ ಮೇಲೆಯೂ ಇರುವ ಸೂಕ್ಷ್ಮವಾದ ರಾಸಾಯನಿಕ ಕಣಗಳನ್ನು ಹೆಕ್ಕಿತರುವುದು ನಾಲಗೆಯ ಕೆಲಸ. ಬಾಯಿಯ ಅಂಗುಳಿನಲ್ಲಿ ಎರಡು ಸಣ್ಣ ರಂಧ್ರಗಳಿವೆ. ನಾಲಗೆ ತಂದ ಕಣಗಳು ಅವುಗಳ ಮೂಲಕ ಒಳಸೇರಿ ಒಂದು ವಿಶೇಷವಾದ ಇಂದ್ರಿಯವನ್ನು ಮುಟ್ಟುವುವು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಡೆನ್ಮಾರ್ಕಿನ ವೈದ್ಯ ಲುಡ್ವಿಗ್ ಯಾಕೊಬ್‌ಸನ್ ಈ ಇಂದ್ರಿಯವನ್ನು ಸಸ್ತನಿಗಳಲ್ಲಿ ವಿವರಿಸಿದುದರಿಂದ ಇದಕ್ಕೆ ಯಾಕೊಬ್‌ಸನನ ಇಂದ್ರಿಯವೆಂದು ಹೆಸರಾಯಿತು. ಇದು ಮೂಗಿಗಿಂತ ಬೇರೆಯಾದ, ವಾಸನೆ ರುಚಿಗಳೆರಡಕ್ಕೂ ನಡುವಣದೆನ್ನಬಹುದಾದ ಇಂದ್ರಿಯ. ಹಾವುಗಳಲ್ಲಿ ಇದು ಬಹಳ ಚೆನ್ನಾಗಿ ಬೆಳೆದಿದೆ.

ನಾಲಗೆ ಸೀಳಿರುವುದೇಕೆಂಬುದಕ್ಕೆ 1994ರಲ್ಲಿ ಕರ್ಟ್ ಶ್ವೆಂಕ್ ಎಂಬ ಶಾಸ್ತ್ರಜ್ಞರು ಸಮರ್ಪಕವಾದ ಸಮಾಧಾನವನ್ನು ಕೊಟ್ಟರು. ನಮ್ಮ ಎರಡು ಕಿವಿಗಳು ಶಬ್ದ ಬಂದ ದಿಕ್ಕನ್ನು ತಿಳಿಸುವಂತೆ, ಹಾವಿನ ನಾಲಗೆಯ ಎರಡು ತುದಿಗಳು ಒಂದೇ ಕಾಲಕ್ಕೆ ಎರಡು ಸ್ಥಳಗಳ ಕಣಗಳನ್ನು ಸಂಗ್ರಹಿಸಿ, ಎಡದಲ್ಲಿ ವಾಸನೆ ಹೆಚ್ಚೋ ಬಲದಲ್ಲಿ ಹೆಚ್ಚೋ ಎಂಬುದನ್ನು ತಿಳಿಸುವುವು. ಈ ಭೇದವನ್ನು ಹಿಡಿದು ಹಾವು ಬೇಟೆಯ ಜಾಡಿನಲ್ಲಿ ಸಾಗುವುದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲಿಮರಿಯ ಮುಂದೆ ಹಾವಿನ ಮರಿ ನಾಲಗೆ ಚಾಚುವುದರ ಅರ್ಥ ಸ್ಪಷ್ಟವಾಗುತ್ತದೆ. ಅದು ಒಂದು ಪ್ರಶ್ನೆಯನ್ನು ಕೇಳುತ್ತಿದೆ. ಬಂದ ಉತ್ತರ ಅದಕ್ಕೆ ಒಪ್ಪಿಗೆಯಾಗಲಿಲ್ಲ.

ಹತ್ತಿಯ ಕಡ್ಡಿಯ ಪ್ರಯೋಗ

ಒಪ್ಪಿಗೆಯಾಗುವ ಉತ್ತರ ಯಾವುದು? ಅದನ್ನು ಮರಿಗೆ ಯಾರು ಕಲಿಸಿದರು? ಹಾವಿನ ತಾಯಂದಿರಲ್ಲಿ ಬಹುಪಾಲು ಮರಿಗಳನ್ನು ಸಾಕುವುದಿಲ್ಲ. ಊಟವನ್ನಂತೂ ಉಣಿಸುವುದೇ ಇಲ್ಲ. ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಗಾರ್ಡನ್ ಬರ್ಗ್‌ಹಾರ್ಟ್ ಎಂಬ ವಿಜ್ಞಾನಿ 1966 ಮತ್ತು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾಣಬಹುದು. ಅವರು ಆರಿಸಿಕೊಂಡ ಹಾವುಗಳಲ್ಲಿ ಮುಖ್ಯವಾದುದು ಗಾರ್ಟರ್ ಹಾವು. ಇದು ನಮ್ಮ ಕೆರೆಗಳಲ್ಲಿರುವ ನೀರೊಳ್ಳೆ ಹಾವಿನ ದೂರದ ಬಂಧು. ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಜಾತಿ.

ಪ್ರಯೋಗವು ಸರಳವಾದುದು. ಎರೆಹುಳು, ಮೀನು, ಕಪ್ಪೆ, ಕೀಟ ಮುಂತಾದ ಪ್ರಾಣಿಗಳನ್ನು ಬೇರೆಬೇರೆಯಾಗಿ ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಅವುಗಳ ಮೈಯ ಮೇಲಣ ರಾಸಾಯನಿಕ ದ್ರವ್ಯಗಳು ನೀರಿಗಿಳಿಯುವಂತೆ ಮಾಡಿದರು. ಬಳಿಕ ಆ ನೀರಿನಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿಯನ್ನದ್ದಿ, ಜನ್ಮದಲ್ಲಿ ಒಮ್ಮೆಯೂ ಆಹಾರವನ್ನು ಕಾಣದ ಮರಿಯ ಮುಂದೆ ಹಿಡಿದರು. ಕಣ್ಣಿಗೆ ಕಾಣುವುದು ಬರಿಯ ಹತ್ತಿ. ಮರಿ ಎಷ್ಟು ಸಲ ನಾಲಗೆ ಚಾಚಿತು, ಕಡ್ಡಿಯ ಮೇಲೆ ಎರಗಿತೆ ಇಲ್ಲವೆ, ಎರಗಿದರೆ ಎಷ್ಟು ಬೇಗ ಎಂಬುದನ್ನು ಬರೆದುಕೊಂಡರು.

ಫಲಿತಾಂಶ ಬೆರಗುಗೊಳಿಸುವಂಥದು. ಎರೆಹುಳು ಮೀನುಗಳನ್ನು ತಿನ್ನುವ ಜಾತಿಯ ಮರಿ ಅವುಗಳ ವಾಸನೆಯುಳ್ಳ ಹತ್ತಿಯನ್ನು ಬಾಯಿ ತೆರೆದು ಹಿಡಿಯಿತು. ಕೀಟದ ವಾಸನೆಯ ಹತ್ತಿಯನ್ನು ಕಡೆಗಣಿಸಿತು. ಕೀಟಗಳನ್ನು ತಿನ್ನುವ ಹಸಿರು ಹಾವಿನ ಮರಿ ಮಿಡತೆಯಂತಹ ಕೀಟದ ವಾಸನೆಗೆ ಎರಗಿತು. ಸಿಹಿನೀರಿನಲ್ಲಿ ಬದುಕುವ, ಸೀಗಡಿಯ ಬಂಧುವಾದ ಕ್ರೇಫಿಶ್ ಎಂಬ ಪ್ರಾಣಿಯನ್ನೇ ನೆಚ್ಚಿಕೊಂಡಿರುವ ರಾಣಿಹಾವಿನ ಮರಿಗೆ ಆಗತಾನೆ ಚಿಪ್ಪು ಕಳಚಿದ ಕ್ರೇಫಿಶ್ ವಾಸನೆ ಇಷ್ಟವಾಯಿತು; ದೊಡ್ಡ ಹಾವುಗಳು ತಿನ್ನುವುದೂ ಅದನ್ನೇ. ಎಂದರೆ ಯಾವುದು ಊಟ ಎಂಬ ಜ್ಞಾನವನ್ನು ಮರಿ ಹುಟ್ಟುವಾಗಲೇ ಪಡೆದು ಬರುತ್ತದೆ. ಅನುಭವದಿಂದ ಈ ಜ್ಞಾನವನ್ನು ತಿದ್ದಬಹುದೆಂಬುದೂ ಮುಂದಿನ ಪ್ರಯೋಗಗಳಿಂದ ತಿಳಿಯಿತು. ಮೀನನ್ನೇ ಕೊಟ್ಟು ಬೆಳೆಸಿದ ಮರಿಯ ಒಲವು ಮೀನಿನ ಕಡೆಗೆ, ಎರೆಹುಳುವನ್ನೇ ಕೊಟ್ಟು ಬೆಳೆಸಿದ ಮರಿಯ ಒಲವು ಎರೆಹುಳುವಿನ ಕಡೆಗೆ ವಾಲುವುದು. ಆದರೆ ತಿದ್ದುವುದಕ್ಕೆ ಮೊದಲು ಅದು ಒಂದು ಸಲವಾದರೂ ತಿನ್ನಬೇಕಷ್ಟೆ!

ಕಡಲತಡಿಯ ಹಾವು, ಒಳನಾಡಿನ ಹಾವು

ಈ ಒಲವು ವಂಶದಲ್ಲಿ ಇಳಿದುಬರುವುದೆಂಬುದಕ್ಕೆ ಸ್ಟೀವನ್ ಆರ್ನಲ್ಡ್ ಎಂಬವರು ಕ್ಯಾಲಿಫೋರ್ನಿಯದಲ್ಲಿ ನಡೆಸಿದ ಅಧ್ಯಯನವು ಒಳ್ಳೆಯ ಪ್ರಮಾಣ. ಅದು 1977ರಲ್ಲಿಯೂ 1981ರಲ್ಲಿಯೂ ಪ್ರಕಟವಾಯಿತು. ಗಾರ್ಟರ್ ಹಾವಿನ ಒಂದೇ ಜಾತಿ ಅಲ್ಲಿಯ ಮಂಜು ಮುಸುಕಿದ ಕಡಲತೀರದಲ್ಲಿಯೂ ಇದೆ, ಒಣಹವೆಯ ಒಳನಾಡಿನ ಬೆಟ್ಟಗಳಲ್ಲಿಯೂ ಇದೆ. ತೀರದ ಹಾವಿಗೆ ಮುಖ್ಯಾಹಾರ ಚಿಪ್ಪಿಲ್ಲದ ಬಸವನಹುಳು. ಒಳನಾಡಿನಲ್ಲಿ ಆ ಹುಳುವೇ ಇಲ್ಲ. ಅಲ್ಲಿಯ ಹಾವು ಕಪ್ಪೆ ಮೀನುಗಳಿಂದ ಜೀವಿಸುತ್ತದೆ.

ಆರ್ನಲ್ಡರು ಎರಡು ಕಡೆಗಳಿಂದಲೂ ಬಸುರಿ ಹಾವುಗಳನ್ನು ತಂದು, ಪ್ರಯೋಗಶಾಲೆಯಲ್ಲಿ ಹುಟ್ಟಿದ ಮರಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಬಸವನಹುಳುವಿನ ಚೂರುಗಳನ್ನು ಮುಂದಿಟ್ಟರು. ತೀರದ ಮರಿಗಳಲ್ಲಿ ಬಹುಪಾಲು ಅದನ್ನು ತಿಂದುವು. ಒಳನಾಡಿನ ಮರಿಗಳಲ್ಲಿ ಬಹುಪಾಲು ದಿನದಿನವೂ ಮುಂದಿಟ್ಟರೂ ಮುಟ್ಟಲಿಲ್ಲ. ಎರಡೂ ಒಂದೇ ಜಾತಿ. ಎರಡೂ ತಾಯಿಯಿಂದ ಏನನ್ನೂ ಕಲಿತವಲ್ಲ. ಭೇದವಿದ್ದುದು ಅವುಗಳ ರಕ್ತದಲ್ಲಿ.

ಒಳನಾಡಿನ ಹಾವಿಗೆ ಬಸವನಹುಳು ಏಕೆ ಬೇಡವಾಯಿತು ಎಂಬುದಕ್ಕೂ ಆರ್ನಲ್ಡರು ಒಂದು ಊಹೆಯನ್ನು ಮುಂದಿಟ್ಟರು. ಬಸವನಹುಳುವಿಗೆ ಎರಗುವ ಮರಿಗಳು ಜಿಗಣೆಯ ವಾಸನೆಗೂ ಎರಗುವುವು. ಒಳನಾಡಿನ ನೀರುಗಳಲ್ಲಿ ಜಿಗಣೆಗಳುಂಟು; ಜೀವಂತ ಜಿಗಣೆಯನ್ನು ನುಂಗಿದ ಹಾವಿಗೆ ಅದರಿಂದ ಅಪಾಯವಾಗಬಹುದು. ಆದುದರಿಂದ ಅಲ್ಲಿ ಈ ವಾಸನೆಯನ್ನು ತಿರಸ್ಕರಿಸಿದ ಹಾವುಗಳೇ ಹೆಚ್ಚಾಗಿ ಉಳಿದು ಸಂತಾನವನ್ನು ಬೆಳೆಸಿರಬೇಕು. ಹೀಗೆ ನೋಡಿದರೆ ನಾವು ಹಠವೆಂದು ಕರೆಯುವುದು ಲೆಕ್ಕವಿಲ್ಲದ ತಲೆಮಾರುಗಳ ಪೂರ್ವಿಕರು ಬಿಟ್ಟುಹೋದ ವಿವೇಕ. ಕಾಡಿನಲ್ಲಿ ಅದು ಮರಿಯ ಪ್ರಾಣವನ್ನು ಕಾಯುವುದು. ನಮ್ಮ ಪೆಟ್ಟಿಗೆಯಲ್ಲಿ ಅದೇ ವಿವೇಕ ಪ್ರಾಣಕ್ಕೆ ಮುಳುವಾಗುವುದು.

ಇಲಿಗೆ ಹಲ್ಲಿಯ ವಾಸನೆ

ಈಗ ಕಾರ್ನ್ ಹಾವಿನ ಮರಿಗೆ ಹಿಂದಿರುಗೋಣ. ಬಲಿತ ಕಾರ್ನ್ ಹಾವು ಇಲಿಗಳ ಶತ್ರುವೆಂಬುದು ನಿಜ. ಆದರೆ ಕಾಡಿನಲ್ಲಿ ಅದರ ಮರಿ ಹೆಚ್ಚಾಗಿ ತಿನ್ನುವುದು ಸಣ್ಣ ಹಲ್ಲಿಗಳನ್ನೂ ಮರಗಪ್ಪೆಗಳನ್ನೂ. ಪೆನ್ಸಿಲಿಗಿಂತ ಸಣ್ಣ ಬಾಯಿಗೆ ಅಂತಹ ಬೇಟೆಯೇ ತಕ್ಕುದು. ಫ್ಲಾರಿಡದ ದಕ್ಷಿಣದ ತುದಿಯಲ್ಲಿರುವ ಸಣ್ಣ ದ್ವೀಪಗಳ ಕಾರ್ನ್ ಹಾವಿನ ಮರಿಗಳು ಹಲ್ಲಿಯನ್ನಲ್ಲದೆ ಬೇರೇನನ್ನೂ ಒಲ್ಲೆವೆನ್ನುವುದರಲ್ಲಿ ಸಾಕುವವರ ನಡುವೆ ಹೆಸರಾಗಿವೆ. ಇಂಥ ಮರಿಯ ನಾಲಗೆ ‘ಇದು ಹಲ್ಲಿಯೆ?’ ಎಂದು ಕೇಳುತ್ತದೆ. ಇಲಿಮರಿಯ ಮೈ ‘ಅಲ್ಲ’ ಎನ್ನುತ್ತದೆ. ಹಾಗಾದರೆ ಇಲಿಮರಿಯ ಬಾಯಿಂದ ‘ಹೌದು’ ಎನ್ನಿಸುವ ಉಪಾಯವೇನು?

ಹವ್ಯಾಸಿಗಳು ಕಂಡುಕೊಂಡಿರುವ ಉಪಾಯ ಬಹಳ ಸುಲಭವಾದುದು. ಸತ್ತ ಇಲಿಮರಿಯನ್ನು ಸೌಮ್ಯವಾದ ಸಾಬೂನಿನಲ್ಲಿ ತೊಳೆದು, ಸಾಬೂನಿನ ಲೇಶವೂ ಉಳಿಯದಂತೆ ನೀರಿನಲ್ಲಿ ಜಾಲಿಸಿ, ಒರಸಿ, ಅಮೆರಿಕದಲ್ಲಿ ಸಾಮಾನ್ಯವಾದ ಅನೋಲ್ ಎಂಬ ಹಸಿರು ಹಲ್ಲಿಯ ಮೈಗೆ ಉಜ್ಜಿ ಕೊಡುವರು. ಹಲ್ಲಿ ಕಳಚಿದ ಪೊರೆಯ ಒಂದು ಚೂರನ್ನು ಇಲಿಮರಿಯ ಮೂತಿಗೆ ಅಂಟಿಸಿದರೂ ನಡೆಯುವುದು. ರೂಪ ಇಲಿಯದು, ವಾಸನೆ ಹಲ್ಲಿಯದು. ಬರ್ಗ್‌ಹಾರ್ಟರ ಹತ್ತಿಯ ಕಡ್ಡಿಯಂತೆಯೇ ಇದೂ ಕೆಲಸಮಾಡುವುದು. ಎಷ್ಟೋ ಮರಿಗಳು ಒಡನೆಯೇ ಇಂಥ ಇಲಿಯನ್ನು ಹಿಡಿದು ನುಂಗುವುವು. ಬಳಿಕ ಊಟದಿಂದ ಊಟಕ್ಕೆ ಹಲ್ಲಿಯ ವಾಸನೆಯನ್ನು ಕಡಮೆಮಾಡುತ್ತ ಬಂದರೆ, ನಾಲ್ಕಾರು ಊಟಗಳಾದ ಮೇಲೆ ಬರಿಯ ಇಲಿಯನ್ನೂ ಮರಿ ಸ್ವೀಕರಿಸುವುದು. ಹುಟ್ಟಿನಿಂದ ಬಂದ ಜ್ಞಾನವನ್ನು ಅನುಭವವು ತಿದ್ದುವುದೆಂದು ಹೇಳಿದೆವಲ್ಲವೆ? ಇಲ್ಲಿ ನಡೆಯುವುದು ಅದೇ. ಹಾವಿನ ಜಾತಿಗೆ ತಕ್ಕಂತೆ ವಾಸನೆಯನ್ನೂ ಬದಲಾಯಿಸಬೇಕು. ನೆಲಗಪ್ಪೆಗಳನ್ನೇ ತಿನ್ನುವ ಅಮೆರಿಕದ ಹಂದಿಮೂಗಿನ ಹಾವಿಗೆ ನೆಲಗಪ್ಪೆಯ ವಾಸನೆ, ಗಾರ್ಟರ್ ಹಾವಿಗೆ ಮೀನಿನ ಅಥವಾ ಎರೆಹುಳುವಿನ ವಾಸನೆ.

ಹಲ್ಲಿ ದೊರೆಯದಾಗ ಇನ್ನೊಂದು ಉಪಾಯವುಂಟು. ಸತ್ತ ಇಲಿಮರಿಯ ನೆತ್ತಿಯನ್ನು ಸೂಜಿಯಿಂದ ಚುಚ್ಚಿ ಒಳಗಿನ ದ್ರವ ತುಸು ಹೊರಬರುವಂತೆ ಮಾಡಿ, ಅದನ್ನು ಸಣ್ಣ ಡಬ್ಬಿಯಲ್ಲಿ ಮರಿಯೊಡನೆ ರಾತ್ರಿಯೆಲ್ಲ ಬಿಡುವರು. ಕೇಳುವುದಕ್ಕೆ ಹೇಸಿಗೆಯೆನಿಸಿದರೂ ಅನೇಕ ಮರಿಗಳ ಉಪವಾಸ ಹೀಗೆ ಮುಗಿದಿದೆ.

ವಾಸನೆಯೊಂದೇ ಸಾಲದು. ಹಾವಿನ ಮೈ ತಾನಾಗಿ ಬೆಚ್ಚಗಾಗುವುದಿಲ್ಲ. ಜೀರ್ಣಶಕ್ತಿ ಸುತ್ತಣ ಉಷ್ಣತೆಯನ್ನು ಅವಲಂಬಿಸಿದೆ. ಪೆಟ್ಟಿಗೆಯ ಒಂದು ಕೊನೆ ಸುಮಾರು 29 ಡಿಗ್ರಿಯಷ್ಟು ಬೆಚ್ಚಗೂ ಇನ್ನೊಂದು ಕೊನೆ 24 ಡಿಗ್ರಿಯಷ್ಟು ತಂಪಾಗಿಯೂ ಇದ್ದರೆ ಕಾರ್ನ್ ಹಾವಿನ ಮರಿ ತನಗೆ ಬೇಕಾದ ಸ್ಥಳವನ್ನು ತಾನೇ ಹುಡುಕಿಕೊಳ್ಳುವುದು. ತಂಪಿನಲ್ಲಿರುವ ಹಾವು ತಿನ್ನಲೊಲ್ಲದು; ತಿಂದರೂ ಕಕ್ಕಿಬಿಡುವುದು. ಅಲ್ಲದೆ ಪ್ರಕೃತಿಯಲ್ಲಿ ಹಾವಿನ ಮರಿ ತಾನೇ ಹಲವು ಪ್ರಾಣಿಗಳಿಗೆ ಆಹಾರ. ವಿಶಾಲವಾದ, ಬೆಳಕು ತುಂಬಿದ, ಅಡಗಲು ಎಡೆಯಿಲ್ಲದ ಗಾಜಿನ ಪೆಟ್ಟಿಗೆ ನಮಗೆ ಅರಮನೆಯಾಗಿ ಕಂಡರೂ ಮರಿಗೆ ಅದು ಹದ್ದಿನ ಕೆಳಗಣ ಬಯಲು. ಬಾಯಲ್ಲಿ ತುತ್ತನ್ನು ಕಚ್ಚಿಕೊಂಡಿರುವ ಹಾವು ಓಡಲೂ ಆರದು, ಕಾದಲೂ ಆರದು. ಆದುದರಿಂದಲೇ ಭಯವಿರುವ ಎಡೆಯಲ್ಲಿ ಹಸಿವು ಹಿಂದೆ ಸರಿಯುವುದು. ಸಣ್ಣ ಪೆಟ್ಟಿಗೆ, ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಒಂದು ಅಡಗುದಾಣ, ಕತ್ತಲೆ, ಮೌನ, ಒಂಟಿತನ — ಇಷ್ಟನ್ನು ಒದಗಿಸಿದೊಡನೆ ಯಾವ ವಾಸನೆಯ ಉಪಾಯವೂ ಇಲ್ಲದೆ ತಿನ್ನಲಾರಂಭಿಸಿದ ಮರಿಗಳು ಬಹಳ.

ಬಿಸಿಯನ್ನು ಕಾಣುವ ಹೆಬ್ಬಾವು

ಎಲ್ಲ ಹಾವುಗಳ ಪ್ರಶ್ನೆಯೂ ನಾಲಗೆಯಲ್ಲಿಯೇ ಮುಗಿಯುವುದಿಲ್ಲ. ಪಶ್ಚಿಮ ಆಫ್ರಿಕದ ಘಾನ, ಟೋಗೊ, ಬೆನಿನ್ ದೇಶಗಳಿಂದ ಬಹುಸಂಖ್ಯೆಯಲ್ಲಿ ಹೊರದೇಶಗಳಿಗೆ ಹೋಗಿರುವ ರಾಜ ಹೆಬ್ಬಾವನ್ನು ನೋಡಿ. ಬೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಬಾಲ್ ಪೈಥಾನ್ ಎಂದೂ ಹೆಸರುಂಟು. ಉಪವಾಸಕ್ಕೆ ಇದು ಪ್ರಸಿದ್ಧವಾದ ಜಾತಿ. ಬಲಿತ ಹಾವು ತಿಂಗಳುಗಟ್ಟಲೆ ಆಹಾರವನ್ನು ಬಿಟ್ಟು ಮತ್ತೆ ತಾನಾಗಿಯೇ ತಿನ್ನಲಾರಂಭಿಸುವುದುಂಟು.

ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ. ಅವು ಶಾಖವನ್ನು ಗುರುತಿಸುವ ಇಂದ್ರಿಯಗಳೆಂಬುದನ್ನು ನೋಬಲ್ ಮತ್ತು ಶ್ಮಿಟ್ ಎಂಬ ಶಾಸ್ತ್ರಜ್ಞರು 1937ರಲ್ಲಿ ಪ್ರಯೋಗದಿಂದ ತೋರಿಸಿದರು. ಕಣ್ಣು ಮೊದಲಾದ ಇಂದ್ರಿಯಗಳ ನೆರವಿಲ್ಲದಿದ್ದರೂ ಈ ಹಾವುಗಳು ಬೆಚ್ಚಗಿನ ವಸ್ತುವಿಗೂ ತಣ್ಣನೆಯ ವಸ್ತುವಿಗೂ ಇರುವ ಭೇದವನ್ನು ಅರಿತು ಎರಗಿದುವು. ಈ ಗುಳಿಗಳ ನರಗಳಲ್ಲಿ ಶಾಖಕ್ಕೆ ಸ್ಪಂದಿಸುವ ಅಣು ಯಾವುದೆಂಬುದು 2010ರಲ್ಲಿ ತಿಳಿದುಬಂದಿತು. ಇಂಥ ಹಾವಿನ ಮುಂದೆ ಶೀತಪೆಟ್ಟಿಗೆಯಿಂದ ತೆಗೆದ, ಸರಿಯಾಗಿ ಬೆಚ್ಚಗಾಗದ ಇಲಿಯನ್ನಿಟ್ಟರೆ ವಾಸನೆ ಇಲಿಯದಾದರೂ ಶಾಖ ಕಲ್ಲಿನದು. ಅದನ್ನು ಬಿಸಿನೀರಿನಲ್ಲಿಟ್ಟು, ಜೀವಂತ ಇಲಿಯ ಮೈಯಷ್ಟು, ಎಂದರೆ ಸುಮಾರು 38 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕುಳದಿಂದ ಹಿಡಿದು, ನಡೆಯುವ ಇಲಿಯಂತೆ ಮೆಲ್ಲನೆ ಅಲುಗಿಸಿದರೆ, ಹಿಂದೆ ಹತ್ತು ಸಲ ತಿರಸ್ಕರಿಸಿದ ಹಾವು ಹನ್ನೊಂದನೆಯ ಸಲ ಮಿಂಚಿನಂತೆ ಎರಗುವುದು. ಈ ಜಾತಿಯ ಸಣ್ಣ ಹಾವುಗಳು ಕಾಡಿನಲ್ಲಿ ಹಕ್ಕಿಮರಿಗಳನ್ನು ಹೆಚ್ಚಾಗಿ ತಿನ್ನುವುದರಿಂದ, ಇಲಿಯನ್ನು ಕೋಳಿಮರಿಯ ಪುಕ್ಕಕ್ಕೆ ಉಜ್ಜಿ ಕೊಡುವುದೂ ರೂಢಿಯಲ್ಲಿದೆ.

ಬಲವಂತದ ತುತ್ತು

ಇಷ್ಟಾದರೂ ತಿನ್ನದ ಮರಿಗಳು ಉಳಿಯುವುವು. ಇಲ್ಲಿಯೇ ಸಾಕುವವನ ವಿವೇಕದ ಪರೀಕ್ಷೆ. ಮರಿಯ ಬಾಲವನ್ನು ಇಲಿಮರಿಯಿಂದ ಮೆಲ್ಲನೆ ತಟ್ಟಿ ಕೆಣಕಿದರೆ ಅದು ಆತ್ಮರಕ್ಷಣೆಗಾಗಿ ಕಚ್ಚುವುದು; ಕಚ್ಚಿದ ಮೇಲೆ ಬಾಯಲ್ಲಿರುವುದು ಊಟವೆಂಬ ಅರಿವಾಗಿ ನುಂಗಲಾರಂಭಿಸುವುದೂ ಉಂಟು. ಇದೂ ಫಲಿಸದಿದ್ದರೆ ಮರಿಯ ಬಾಯನ್ನು ಮೆಲ್ಲನೆ ತೆರೆದು ಇಲಿಮರಿಯ ತಲೆಯನ್ನು ಹಲ್ಲುಗಳ ನಡುವೆ ಇಟ್ಟು, ಮುಂದಿನದನ್ನು ಅದಕ್ಕೇ ಬಿಡುವರು. ಗಂಟಲಿನವರೆಗೆ ಆಹಾರವನ್ನು ತುರುಕುವುದು ಎಲ್ಲಕ್ಕೂ ಕೊನೆಯದು. ಅದು ಪಶುವೈದ್ಯನ ಅಥವಾ ನುರಿತವರ ಕೈಯಲ್ಲಿಯೇ ನಡೆಯಬೇಕು. ಹುರಿಯಂತಹ ದೇಹ, ಕಾಗದದಂತಹ ದವಡೆ. ಸ್ವಲ್ಪ ತಪ್ಪಿದರೂ ಗಾಯವಾಗುವುದು. ಗಾಯವಾಗದಿದ್ದರೂ ಊಟವೆಂದರೆ ಹಿಂಸೆಯೆಂಬ ಪಾಠವನ್ನು ಮರಿ ಕಲಿತುಬಿಡುವ ಭಯವುಂಟು.

ಯಾವಾಗ ಕಾಯಬೇಕು, ಯಾವಾಗ ಕೈಹಾಕಬೇಕು ಎಂಬುದನ್ನು ಊಹೆಯಿಂದ ನಿರ್ಧರಿಸಲಾಗದು. ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿಯೊಂದು, ಒಂದು ನೋಟುಪುಸ್ತಕ ಇವೆರಡೂ ಬೇಕು. ವಾರಕ್ಕೊಮ್ಮೆ ಮರಿಯನ್ನು ತೂಗಿ ಬರೆದಿಡಬೇಕು. ತೂಕ ಹೆಚ್ಚುಕಡಮೆ ಸ್ಥಿರವಾಗಿದ್ದರೆ ಕಾಯುವುದಕ್ಕೆ ಅಡ್ಡಿಯಿಲ್ಲ; ವಾರದಿಂದ ವಾರಕ್ಕೆ ಇಳಿಯುತ್ತ, ಬೆನ್ನೆಲುಬು ಏಣಿನಂತೆ ಎದ್ದು ಕಂಡರೆ ತಡಮಾಡಬಾರದು. ಐದಾರು ದಿನಗಳಿಗೊಮ್ಮೆ ಮಾತ್ರ ಆಹಾರವನ್ನು ಇಡಬೇಕು. ದಿನವೂ ಇಟ್ಟು ಕಾಡಿದರೆ ಭಯ ಹೆಚ್ಚುವುದು. ಎಲ್ಲಕ್ಕಿಂತ ಮುಖ್ಯವಾದುದು, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡುವುದು. ಪೆಟ್ಟಿಗೆ, ಉಷ್ಣತೆ, ವಾಸನೆ, ಹೊತ್ತು ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿದರೆ ಮರಿ ತಿಂದರೂ ಏಕೆ ತಿಂದಿತೆಂಬುದು ತಿಳಿಯದು, ತಿನ್ನದಿದ್ದರೂ ಏಕೆಂಬುದು ತಿಳಿಯದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ನಿಯಮವೂ ಇದೇ ಅಲ್ಲವೆ?

ನಮ್ಮ ನಾಡಿನಲ್ಲಿ

ಇದನ್ನೋದಿ ಹಿತ್ತಲಲ್ಲಿ ಕಂಡ ಹಾವಿನ ಮರಿಯನ್ನು ಯಾರೂ ಡಬ್ಬಿಗೆ ಹಾಕಿಕೊಳ್ಳಬಾರದು. ನಮ್ಮ ದೇಶದ ಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಹಿಡಿದು ಸಾಕುವುದು ಅಪರಾಧ. ಅಪಾಯವೂ ಹೌದು, ಮಂಡಲದ ಹಾವಿನ ಮರಿಗೂ ನಿರ್ವಿಷ ಹಾವಿನ ಮರಿಗೂ ಇರುವ ಭೇದ ಎಲ್ಲರಿಗೂ ಗೊತ್ತಾಗುವಂಥದಲ್ಲ.

ಆದರೆ ನಾಲಗೆಯ ಪ್ರಶ್ನೆಯ ಕಥೆ ನಮಗೂ ಸಂಬಂಧಿಸಿದುದೇ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಕಾಳಿಂಗ ಸರ್ಪವನ್ನು 2024ರಲ್ಲಿ ಪ್ರತ್ಯೇಕ ಜಾತಿಯೆಂದು ನಿರ್ಣಯಿಸಿ, ನಮ್ಮ ಕನ್ನಡದ ಹೆಸರನ್ನೇ ಅದರ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು. ಕಾಳಿಂಗ ಜಾತಿಗಳಿಗೆ ಮುಖ್ಯಾಹಾರ ಇತರ ಹಾವುಗಳು. ಮೃಗಾಲಯಗಳಲ್ಲಿ ಅವುಗಳಿಗೆ ಇಲಿಯನ್ನು ಒಗ್ಗಿಸಬೇಕಾದಾಗ ಇಲಿಗೆ ಹಾವಿನ ವಾಸನೆಯನ್ನು ಹಚ್ಚಿ ಕೊಡುವರು. ಹನ್ನೆರಡು ಅಡಿಯ ಸರ್ಪಕ್ಕೂ ಒಂದಡಿಯ ಕಾರ್ನ್ ಹಾವಿನ ಮರಿಗೂ ಉಪಾಯ ಒಂದೇ.

ನಾಗರಪಂಚಮಿಯಂದು ಹಾವಾಡಿಗರ ಬುಟ್ಟಿಯ ನಾಗರಹಾವಿನ ಮುಂದೆ ಹಾಲಿನ ಬಟ್ಟಲನ್ನಿಡುವ ಪದ್ಧತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಹಾಲು ಸಸ್ತನಿಗಳ ಮರಿಗಳಿಗೆ ಆಹಾರವೇ ಹೊರತು ಹಾವಿಗಲ್ಲ. ಹಲವು ದಿನ ನೀರಿಲ್ಲದೆ ಬಾಯಾರಿದ ಹಾವು ಮುಂದಿಟ್ಟ ದ್ರವವನ್ನು ಕುಡಿಯಬಹುದು. ಅದು ಭಕ್ತಿಗೆ ಸಂದ ಸಮ್ಮತಿಯಲ್ಲ, ದಾಹದ ನಿರುಪಾಯ.

ಇನ್ನು ಮರಿಯ ಮೊದಲ ತುತ್ತಿನ ಈ ವಿದ್ಯೆ ಹವ್ಯಾಸಿಗಳ ಮನೆಯಲ್ಲಿಯೇ ನಿಂತಿಲ್ಲ. ಅಮೆರಿಕದ ಆಗ್ನೇಯ ಭಾಗದಲ್ಲಿ ನೀಲಿ ಮಿನುಗುವ ಕಪ್ಪು ಬಣ್ಣದ ಇಂಡಿಗೊ ಹಾವು ತಾನು ಹಿಂದೆ ವಾಸಿಸುತ್ತಿದ್ದ ಎಷ್ಟೋ ಕಾಡುಗಳಿಂದ ಮರೆಯಾಗಿ ಹೋಗಿತ್ತು. ಅದನ್ನು ಸೆರೆಯಲ್ಲಿ ಸಂತಾನ ಬೆಳೆಸಿ, ಮರಿಗಳನ್ನು ಸುಮಾರು ಎರಡು ವರ್ಷ ಸಾಕಿ, 2010ರಿಂದ ಅಲಬಾಮ ಸಂಸ್ಥಾನದ ಕೊನೇಕ ಅರಣ್ಯದಲ್ಲಿಯೂ ಮುಂದೆ ಫ್ಲಾರಿಡದಲ್ಲಿಯೂ ಬಿಡುತ್ತ ಬಂದಿದ್ದಾರೆ. ಅಲ್ಲಿ ಪ್ರತಿಯೊಂದು ಮರಿಯೂ ಲೆಕ್ಕಕ್ಕೆ ಬರುವುದು. ಮೊಟ್ಟೆಯೊಡೆದ ಮರಿ ತುತ್ತನ್ನು ಮುಟ್ಟದೆ ಸತ್ತರೆ ಕಾಡಿಗೆ ಒಂದು ಹಾವು ಕಡಮೆ. ತಿನ್ನಲೊಲ್ಲದ ಮರಿಯ ಮುಂದೆ ಕುಳಿತು, ಇದಕ್ಕೆ ಯಾವ ಗುರುತು ಕಾಣದೆ ಹೋಯಿತು, ವಾಸನೆಯೋ, ಶಾಖವೋ, ಚಲನೆಯೋ, ನೆಮ್ಮದಿಯೋ ಎಂದು ಒಂದೊಂದಾಗಿ ವಿಚಾರಿಸುವ ಕೆಲಸ ಅಂಥ ಎಡೆಗಳಲ್ಲಿ ಪ್ರತಿವರ್ಷವೂ ಮೊಟ್ಟೆಗಳು ಒಡೆಯುವ ಕಾಲಕ್ಕೆ ಮತ್ತೆ ಮೊದಲಾಗುವುದು.